ಟೊಯೊಟಾ ಪಿಕಪ್‌ಗೆ ಸಾಲಿಡ್ ಫ್ರಂಟ್ ಆಕ್ಸಲ್: ಯಾವುದನ್ನು ಆರಿಸಿದೆ, ಹೇಗೆ ಕೂರಿಸಿದೆ

ಗಾಡಿಯ ಮುಂದಿನ ಆಕ್ಸಲ್ (ಚಕ್ರಗಳನ್ನು ಹೊರುವ ಅಡ್ಡ ತೊಲೆ) ಬದಲಾಯಿಸಬೇಕು ಅಂತ ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ಯಾವ ಆಕ್ಸಲ್ ಗಟ್ಟಿ?" ನನ್ನ ಪ್ರಕಾರ ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಟ್ರಾನ್ಸ್‌ಫರ್ ಕೇಸಿನಿಂದ (ಎಂಜಿನ್ನಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಮುಂದಿನ ಶಾಫ್ಟ್ ಯಾವ ಕಡೆ ಹೋಗುತ್ತದೆ? ಎಷ್ಟು ದೊಡ್ಡ ಟೈರ್ ಹಾಕುತ್ತೀರಿ? ಹಿಂದಿನ ಆಕ್ಸಲ್ ಎಷ್ಟು ಅಗಲ ಇದೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ. ಗಟ್ಟಿತನದ ಮಾತು ಆಮೇಲೆ.

ನನ್ನದು 1991ರ ಟೊಯೊಟಾ ಪಿಕಪ್. ನಾಲ್ಕು ಸಿಲಿಂಡರಿನ 22ಆರ್‌ಇ ಎಂಜಿನ್, ಐದು ಗೇರು, ಗೇರಿನಿಂದಲೇ ಓಡುವ ಟ್ರಾನ್ಸ್‌ಫರ್ ಕೇಸ್. ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿಂದ ಸಿಯೆರಾ ಬೆಟ್ಟಗಳು ಹತ್ತಿರ, ರುಬಿಕಾನ್ ಟ್ರೇಲ್ ಕೂಡ ಹತ್ತಿರ. ಆ ದಾರಿಯಲ್ಲಿ ಮಣ್ಣಿಗಿಂತ ಕಲ್ಲೇ ಜಾಸ್ತಿ. ದೊಡ್ಡ ದೊಡ್ಡ ಗ್ರಾನೈಟ್ ಬಂಡೆಗಳ ಮೇಲೆ ಒಂದೊಂದೇ ಚಕ್ರ ಇಟ್ಟು ದಾಟಬೇಕು. ಮುಂದಿನ ಸಸ್ಪೆನ್ಷನ್ನಿನ ಗುಣ ದೋಷ ಅಲ್ಲಿ ಬಚ್ಚಿಡಲು ಆಗುವುದಿಲ್ಲ.

ಅಮೆರಿಕದಲ್ಲಿ ಟೊಯೊಟಾ ಈ ಪಿಕಪ್‌ಗೆ ಸಾಲಿಡ್ ಫ್ರಂಟ್ ಆಕ್ಸಲ್ (ಎರಡೂ ಮುಂಚಕ್ರಗಳಿಗೆ ಒಂದೇ ಗಟ್ಟಿ ತೊಲೆ) ಕೊಟ್ಟಿದ್ದು 1985ರ ತನಕ ಮಾತ್ರ. 1986ರಿಂದ ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇರುವ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಂದರೆ ಒಂದೊಂದು ಚಕ್ರ ತನ್ನಷ್ಟಕ್ಕೆ ಆಡುವಂಥದು, ಬಂತು. ಬೇರೆ ಕೆಲವು ದೇಶಗಳಲ್ಲಿ ಇದೇ ಗಾಡಿ ಹೈಲಕ್ಸ್ ಹೆಸರಿನಲ್ಲಿ 1990ರ ದಶಕದಲ್ಲೂ ಸಾಲಿಡ್ ಆಕ್ಸಲ್ ಇಟ್ಟುಕೊಂಡೇ ಬಂತು. ಹೈವೇಯಲ್ಲಿ ಹೋಗುವವರಿಗೆ ಇಂಡಿಪೆಂಡೆಂಟ್ ನಿಜವಾಗಿಯೂ ಒಳ್ಳೆಯದು. ಕುಲುಕಾಟ ಕಡಿಮೆ, ಸ್ಟಿಯರಿಂಗ್ ಹಿಡಿತ ಚೆನ್ನಾಗಿರುತ್ತದೆ. ಅದನ್ನು ಸುಮ್ನೆ ಕೆಟ್ಟದು ಅಂತ ಹೇಳಲು ನಾನು ಒಪ್ಪುವುದಿಲ್ಲ.

ಕಲ್ಲಿನ ಮೇಲೆ ಮಾತ್ರ ಲೆಕ್ಕ ಬೇರೆ. ಇಂಡಿಪೆಂಡೆಂಟ್ ಸಸ್ಪೆನ್ಷನ್‌ನಲ್ಲಿ ಡಿಫರೆನ್ಷಿಯಲ್ (ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರಿನ ಗುಂಡು, ಚಿಕ್ಕದಾಗಿ ಡಿಫ್) ಚಾಸಿಗೆ ಕಟ್ಟಿಕೊಂಡಿರುತ್ತದೆ. ಚಕ್ರ ಮೇಲೆ ಹೋದರೆ ಡಿಫ್ ಜೊತೆಗೆ ಏಳುವುದಿಲ್ಲ, ಇದ್ದಲ್ಲೇ ಇರುತ್ತದೆ. ಗಾಡಿಯ ಮುಂಭಾಗ ಕುಕ್ಕಿದಾಗ ಡಿಫ್ ಕೆಳಗಿನ ಜಾಗ ಇನ್ನೂ ಕಡಿಮೆ ಆಗುತ್ತದೆ. ಸಾಲಿಡ್ ಆಕ್ಸಲ್‌ನಲ್ಲಿ ಒಂದು ಚಕ್ರ ಬಂಡೆ ಹತ್ತಿದರೆ ಇಡೀ ಆಕ್ಸಲ್ ಓರೆಯಾಗಿ ಏಳುತ್ತದೆ, ಡಿಫ್ ಕೂಡ ಜೊತೆಗೇ ಏಳುತ್ತದೆ. ಮೇಲಕ್ಕೆ ಹೋದ ಚಕ್ರ ಇನ್ನೊಂದು ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಎರಡೂ ಚಕ್ರ ಹಿಡಿತ ಬಿಡುವುದಿಲ್ಲ.

ಇನ್ನೊಂದು ವಿಷಯ, ಎತ್ತರ. ಟಾರ್ಷನ್ ಬಾರ್ ತಿರುಗಿಸಿ ಇಂಡಿಪೆಂಡೆಂಟ್ ಗಾಡಿಯನ್ನು ಮೇಲೆ ಎತ್ತಿದರೆ ಸಿವಿ ಜಾಯಿಂಟ್‌ಗಳು (ಬಾಗಿದ್ದರೂ ಚಕ್ರಕ್ಕೆ ಶಕ್ತಿ ದಾಟಿಸುವ ಕೀಲುಗಳು) ಸದಾ ಕೋನದಲ್ಲೇ ನಿಂತು ಕೆಲಸ ಮಾಡಬೇಕು. ಅದರ ಬೂಟು (ರಬ್ಬರ್ ಹೊದಿಕೆ) ಹರಿಯುತ್ತದೆ, ಜಾಯಿಂಟ್ ಸವೆಯುತ್ತದೆ. ಈ ಮಾಡೆಲ್‌ಗಳಲ್ಲಿ ಸ್ಟಿಯರಿಂಗಿನ ಐಡ್ಲರ್ ಆರ್ಮ್ (ಸ್ಟಿಯರಿಂಗ್ ಸರಳನ್ನು ಇನ್ನೊಂದು ಪಕ್ಕದಲ್ಲಿ ಹಿಡಿಯುವ ತೋಳು) ಮೊದಲೇ ದುರ್ಬಲ. ಅದರ ಮೇಲೆ ದೊಡ್ಡ ಟೈರ್ ಹಾಕಿದರೆ ಬಲು ಬೇಗ ಲೂಸಾಗುತ್ತದೆ. ಮುಂದಿನ ಡಿಫ್‌ನ ಕ್ರೌನ್ ವೀಲ್ (ಒಳಗಿನ ದೊಡ್ಡ ಗೇರು) ಕೂಡ 7.5 ಇಂಚು ಅಷ್ಟೇ. ಹಿಂದಿನದು 8 ಇಂಚು.

ಇಷ್ಟು ಹೇಳಿದ ಮೇಲೆ ಒಂದು ಮಾತು. ಕಾಡಿನ ಮಣ್ಣು ರಸ್ತೆ, ಹಳ್ಳ, ಸ್ವಲ್ಪ ಕೆಸರು, 31 ಇಂಚಿನ ಟೈರ್, ಇಷ್ಟೇ ನಿಮ್ಮ ಓಡಾಟ ಅಂತಾದರೆ ಆಕ್ಸಲ್ ಬದಲಾಯಿಸಬೇಡಿ. ಹಿಂದೆ ಒಂದು ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಡಿಫ್ ಬಿಗಿಯುವ ಸಾಧನ) ಹಾಕಿಸಿ. ಅದರಿಂದ ಸಿಗುವ ಲಾಭ ದೊಡ್ಡದು, ಚಾಸಿಗೆ ಗ್ರೈಂಡರ್ ಹಚ್ಚುವ ಕೆಲಸವೂ ಇಲ್ಲ.

ಯಾವ ಕಡೆ ಇಳಿಯುತ್ತದೆ?

ಆಯ್ಕೆಯ ಮೊದಲ ಜರಡಿ ಇದು. ಮುಂದಿನ ಡಿಫ್ ಆಕ್ಸಲ್ ಮಧ್ಯದಲ್ಲಿ ಇರುವುದಿಲ್ಲ, ಒಂದು ಪಕ್ಕಕ್ಕೆ ಇರುತ್ತದೆ. ಟ್ರಾನ್ಸ್‌ಫರ್ ಕೇಸಿನ ಮುಂದಿನ ಬಾಯಿ ಯಾವ ಪಕ್ಕದಲ್ಲಿದೆಯೋ ಡಿಫ್ ಕೂಡ ಅದೇ ಪಕ್ಕದಲ್ಲಿರಬೇಕು. 1995ರ ತನಕದ ಟೊಯೊಟಾ ಪಿಕಪ್ ಮತ್ತು 4ರನ್ನರ್ ಎಸ್‌ಯುವಿಗಳಲ್ಲಿ ಅದು ಬಲಗಡೆ. ಹಾಗಾಗಿ 1979ರಿಂದ 85ರ ತನಕದ ಸಾಲಿಡ್ ಆಕ್ಸಲ್ ಇವುಗಳ ಕೆಳಗೆ ಸರಿಯಾಗಿ ಹೊಂದುತ್ತದೆ.

ನನ್ನ ಗೆಳೆಯನೊಬ್ಬ ಹಾಸನ ಕಡೆಯವನು, ಅವನದು 1999ರ ಟಕೋಮ, ಟೊಯೊಟಾದ್ದೇ ಆಮೇಲಿನ ಪಿಕಪ್. ನಾನು ಮಾಡಿದ್ದನ್ನೇ ತಾನೂ ಮಾಡುತ್ತೇನೆ ಅಂತ ಗುಜರಿಯಲ್ಲಿ ಒಂದು ಹಳೇ ಟೊಯೊಟಾ ಆಕ್ಸಲ್ ನೋಡಿ ಫೋನ್ ಮಾಡಿದ. "ತಗೊಳ್ಳೋದಕ್ಕೆ ಮೊದಲು ಗಾಡಿ ಕೆಳಗೆ ಮಲಗಿ ನೋಡಪ್ಪಾ, ಶಾಫ್ಟ್ ಯಾವ ಕಡೆ ಹೋಗಿದೆ ಅಂತ" ಅಂದೆ. ಟಕೋಮದಲ್ಲಿ, 1996ರಿಂದ ಬಂದ 4ರನ್ನರ್‌ನಲ್ಲಿ, ಮುಂದಿನ ಡಿಫ್ ಎಡಗಡೆ, ಅಂದರೆ ಅಮೆರಿಕದ ಗಾಡಿಯಲ್ಲಿ ಡ್ರೈವರ್ ಕಡೆ. ಹೊರಗಿನಿಂದ ನೋಡಿದರೆ ಎರಡೂ ಟೊಯೊಟಾ, ಎರಡಕ್ಕೂ ಚಕ್ರಕ್ಕೆ ಆರು ಬೋಲ್ಟು. ಆದರೆ ಆ ಆಕ್ಸಲ್ ಅವನ ಗಾಡಿಗೆ ಹೊಂದುವುದಿಲ್ಲ. ಒಂದೋ ಎಡಗಡೆ ಡಿಫ್ ಇರುವ ಬೇರೆ ಹೌಸಿಂಗ್ (ಆಕ್ಸಲ್‌ನ ಹೊರ ಕವಚ) ಹುಡುಕಬೇಕು, ಇಲ್ಲ ಬಲಗಡೆ ಇಳಿಯುವ ಟ್ರಾನ್ಸ್‌ಫರ್ ಕೇಸ್ ಕೂರಿಸಬೇಕು. ಎರಡನೆಯದು ಕೈಗೂ ಜೇಬಿಗೂ ಭಾರ.

ಗುಜರಿಯಲ್ಲಿ ಸಿಗುವ ಆಕ್ಸಲ್‌ಗಳನ್ನು ನಾನು ಇದೇ ಜರಡಿಯಲ್ಲಿ ಹಾಕಿ ನೋಡಿದೆ.

ಫೋರ್ಡ್‌ನ 1978-79ರ ಎಫ್-150 ಮತ್ತು ಬ್ರಾಂಕೋದಲ್ಲಿ ಬಂದ ಡಾನಾ 44 ಮಾದರಿಯ ಆಕ್ಸಲ್‌ಗೆ ಇಲ್ಲಿ ಬಹಳ ಹೆಸರು. ಪಿನಿಯನ್ (ಕ್ರೌನ್ ವೀಲನ್ನು ತಿರುಗಿಸುವ ಚಿಕ್ಕ ಗೇರು) ಎತ್ತರದಲ್ಲಿದೆ, ಗಟ್ಟಿ ಇದೆ. ಆದರೆ ಡಿಫ್ ಎಡಗಡೆ, ಚಕ್ರಕ್ಕೆ ಐದು ಬೋಲ್ಟು. ನನ್ನ ಗಾಡಿಗೆ ಮೊದಲ ಪ್ರಶ್ನೆಯಲ್ಲೇ ಬಿದ್ದುಹೋಯಿತು. ಟಕೋಮದವನಿಗೆ ಮಾತ್ರ ಇದು ನೋಡಬೇಕಾದ ಆಕ್ಸಲ್.

ಜೀಪ್ ವ್ಯಾಗನೀರ್‌ನ ಡಾನಾ 44 ಸ್ವಲ್ಪ ತಮಾಷೆಯದು. 1974ರಿಂದ 79ರ ತನಕ ಡಿಫ್ ಬಲಗಡೆ, 1980ರಿಂದ ಎಡಗಡೆ. ಆರು ಬೋಲ್ಟು, ಟೊಯೊಟಾದ ಅಳತೆಯೇ, 5.5 ಇಂಚಿನ ವೃತ್ತ. ಅಗಲವೂ ತೀರಾ ಜಾಸ್ತಿ ಅಲ್ಲ. ವರ್ಷ ಸರಿಯಾಗಿ ನೋಡಿ ಕೊಂಡರೆ ಒಳ್ಳೆಯ ಆಯ್ಕೆ. ಬಲಗಡೆಯದು ಹಳೆಯದಾದ್ದರಿಂದ ಹುಡುಕುವುದು ಕಷ್ಟ.

ಶೆವ್ರೊಲೆ ಕೆ10, ಕೆ5 ಬ್ಲೇಜರ್‌ಗಳ ಆಕ್ಸಲ್ ಬಲಗಡೆ ಡಿಫ್‌ನದು, ಆರು ಬೋಲ್ಟಿನದು, ಲೀಫ್ ಸ್ಪ್ರಿಂಗಿನದು. ಕಾಗದದ ಮೇಲೆ ನನಗೆ ಹೇಳಿ ಮಾಡಿಸಿದ ಹಾಗಿದೆ. ಕ್ರೌನ್ ವೀಲ್ ಎಂಟೂವರೆ ಇಂಚು. ತೊಂದರೆ ಎಂದರೆ ಅಗಲ. ಅದು ದೊಡ್ಡ ಟ್ರಕ್ಕಿನ ಆಕ್ಸಲ್. ಮುಂದೆ ಅಷ್ಟು ಅಗಲ ಮಾಡಿದರೆ ಹಿಂದಿನದನ್ನೂ ಬದಲಾಯಿಸಬೇಕು. ಇಲ್ಲದಿದ್ದರೆ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ. ಕಲ್ಲಿನಲ್ಲಿ ಇದು ದೊಡ್ಡ ಕಿರಿಕಿರಿ. ಮುಂದಿನ ಚಕ್ರ ಬಂಡೆಯನ್ನು ತಪ್ಪಿಸಿಕೊಂಡು ಹೋದರೂ ಹಿಂದಿನದು ಅದೇ ಬಂಡೆಗೆ ಹೋಗಿ ತಗುಲುತ್ತದೆ.

ಡಾನಾ 60 ವಿಷಯ ಒಂದೇ ಸಾಲು. ಕ್ರೌನ್ ವೀಲ್ 9.75 ಇಂಚು, ಎಂಟು ಬೋಲ್ಟು, ಭಾರೀ ತೂಕ. 37, 40 ಇಂಚಿನ ಟೈರ್ ಹಾಕಿ ವಿ8 ಎಂಜಿನ್ ಇಟ್ಟುಕೊಂಡವರಿಗೆ ಸರಿ. ನಾಲ್ಕು ಸಿಲಿಂಡರಿನ ಚಿಕ್ಕ ಪಿಕಪ್‌ಗೆ ಅದನ್ನು ಹೊರಿಸುವುದು ನನಗೆ ಅನ್ಯಾಯ ಅನಿಸಿತು.

ಉಳಿದದ್ದು ಟೊಯೊಟಾದ್ದೇ 1979-85ರ ಆಕ್ಸಲ್. ಬಲಗಡೆ ಡಿಫ್, ಆರು ಬೋಲ್ಟು, 8 ಇಂಚಿನ ಕ್ರೌನ್ ವೀಲ್. ಹಿಂದಿನ ಆಕ್ಸಲ್‌ನ ಗೇರುಗಳೇ ಇದಕ್ಕೂ ಆಗುತ್ತವೆ. ಬೇರಿಂಗು, ಸೀಲು ಎಲ್ಲ ಇವತ್ತಿಗೂ ಸಲೀಸಾಗಿ ಸಿಗುತ್ತವೆ. ದಾರಿಯಲ್ಲಿ ಕೆಟ್ಟರೆ ಪಕ್ಕದ ಟೊಯೊಟಾದವನ ಹತ್ತಿರ ಬಿಡಿಭಾಗ ಇದ್ದೇ ಇರುತ್ತದೆ. ರುಬಿಕಾನ್‌ನಲ್ಲಿ ಇದಕ್ಕಿಂತ ದೊಡ್ಡ ಭರವಸೆ ಬೇಕಾ?

ಟೈರ್ ಮತ್ತು ಗೇರಿನ ಲೆಕ್ಕ

35 ಇಂಚು ಅಂತ ತೀರ್ಮಾನ ಮಾಡಿಕೊಂಡೆ. ಅದಕ್ಕಿಂತ ದೊಡ್ಡದಕ್ಕೆ ಈ ಆಕ್ಸಲ್ ತಕ್ಕದ್ದಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಕೆಲಸ ಶುರು ಮಾಡಬೇಕು. ಆಮೇಲೆ 37ಕ್ಕೆ ಆಸೆ ಪಟ್ಟರೆ ಮಾಡಿದ್ದೆಲ್ಲ ಮತ್ತೆ ಮಾಡಬೇಕಾಗುತ್ತದೆ.

ನನ್ನ ಗಾಡಿ ಹುಟ್ಟಾ ಬಂದದ್ದು 225/75 ಆರ್15 ಟೈರ್‌ನಲ್ಲಿ, ಅಂದರೆ ಸುಮಾರು 28.3 ಇಂಚು ಎತ್ತರ. ಡಿಫ್ ರೇಷಿಯೊ 4.10, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟು 4.10 ಸುತ್ತು. 35 ಇಂಚಿನ ಟೈರ್ ಹಾಕಿ ಅದೇ ಎಳೆತ ಬೇಕು ಅಂದರೆ 4.10ನ್ನು 35ರಿಂದ ಗುಣಿಸಿ 28.3ರಿಂದ ಭಾಗಿಸಿ. 5.07 ಬರುತ್ತದೆ. ಅಂಗಡಿಯಲ್ಲಿ ಸಿಗುವುದು 4.88 ಇಲ್ಲ 5.29. ನನ್ನದು ಚಿಕ್ಕ ಎಂಜಿನ್, ಓಡಾಡುವುದು ಬೆಟ್ಟದ ಎತ್ತರದಲ್ಲಿ, ಅಲ್ಲಿ ಗಾಳಿ ತೆಳು. ಅದಕ್ಕೆ 5.29 ಆರಿಸಿದೆ. ಟ್ರಾನ್ಸ್‌ಫರ್ ಕೇಸಿನ ಲೋ ರೇಂಜ್ 2.28, ಮೊದಲ ಗೇರು 3.95. ಡಿಫ್ ರೇಷಿಯೊ ಸೇರಿಸಿ ಮೂರನ್ನೂ ಗುಣಿಸಿದರೆ ಮೊದಲು ಸುಮಾರು 37 ಇದ್ದದ್ದು ಈಗ ಸುಮಾರು 48 ಆಗಿದೆ. ಟೈರ್ ದೊಡ್ಡದಾದ್ದರಿಂದ ಆ ಹೆಚ್ಚಳ ಹೆಚ್ಚುಕಡಿಮೆ ಅಲ್ಲಿಗೇ ಸರಿಹೋಗುತ್ತದೆ. ಇನ್ನೂ ನಿಧಾನ ಬೇಕು ಅಂದರೆ ಟ್ರಾನ್ಸ್‌ಫರ್ ಕೇಸಿಗೆ 4.7ರ ಗೇರು ಸಿಗುತ್ತದೆ. ಅದು ಮುಂದಿನ ಮಾತು.

ಇಲ್ಲಿ ಒಂದು ಸೂಕ್ಷ್ಮ ಇದೆ. 5.29 ಅಂದರೆ ಕ್ರೌನ್‌ಗೆ 37 ಹಲ್ಲು, ಪಿನಿಯನ್‌ಗೆ 7 ಹಲ್ಲು. 4.10ರಲ್ಲಿ 41ಕ್ಕೆ 10. ಪಿನಿಯನ್ ಚಿಕ್ಕದಾದಷ್ಟೂ ದುರ್ಬಲ. ಜೊತೆಗೆ, ಹಿಂದಿನ ಡಿಫ್‌ನದೇ ಮಾದರಿಯನ್ನು ಮುಂದೆ ಹಾಕಿದಾಗ ಗೇರುಗಳು ಹಲ್ಲಿನ ಹಿಂಬದಿಯ ಮೇಲೆ ಒತ್ತಡ ಹಾಕಿ ಗಾಡಿಯನ್ನು ಎಳೆಯುತ್ತವೆ. ಆ ಬದಿ ಕಡಿಮೆ ಗಟ್ಟಿ. ಇದಕ್ಕೆ ಉತ್ತರ ಟೊಯೊಟಾದ್ದೇ ಇನ್ನೊಂದು ಗಾಡಿಯಲ್ಲಿದೆ. 80 ಸೀರೀಸ್ ಲ್ಯಾಂಡ್ ಕ್ರೂಸರ್‌ನ ಮುಂದಿನ ಡಿಫ್ ಕೂಡ 8 ಇಂಚಿನದು, ಆದರೆ ಪಿನಿಯನ್ ಮೇಲ್ಗಡೆ ಇದೆ, ಹಲ್ಲುಗಳನ್ನು ಉಲ್ಟಾ ದಿಕ್ಕಿನಲ್ಲಿ ಕೊರೆದಿದ್ದಾರೆ. ಮುಂದಕ್ಕೆ ಹೋಗುವಾಗ ಹಲ್ಲಿನ ಗಟ್ಟಿ ಬದಿಯೇ ಕೆಲಸ ಮಾಡುತ್ತದೆ. ಹೌಸಿಂಗ್ ಒಳಗೆ ಸ್ವಲ್ಪ ಉಜ್ಜಿದರೆ ಆ ಡಿಫ್ ಸೆಟ್ಟು ಪಿಕಪ್ ಆಕ್ಸಲ್‌ಗೆ ಕೂರುತ್ತದೆ. ನಾನು ಅದನ್ನೇ ಹಾಕಿದೆ. ಇನ್ನೊಂದು ಲಾಭ: ಪಿನಿಯನ್ ಮೇಲಿರುವುದರಿಂದ ಪ್ರೊಪೆಲ್ಲರ್ ಶಾಫ್ಟಿನ ಕೋನ ಕಡಿಮೆ, ಕಲ್ಲಿಗೆ ತಗಲುವುದೂ ಕಡಿಮೆ.

ಹಳೇ ಆಕ್ಸಲ್ ಕೊಂಡಾಗ ಅದರ ರೇಷಿಯೊ ಏನು ಅಂತ ಯಾರ ಮಾತನ್ನೂ ನಂಬಬೇಡಿ. ಬಿಚ್ಚಿ ಹಲ್ಲು ಎಣಿಸಿ. ಮುಂದೆ ಒಂದು, ಹಿಂದೆ ಒಂದು ರೇಷಿಯೊ ಇಟ್ಟುಕೊಂಡು ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿದರೆ ಏನಾದರೂ ಒಂದು ಮುರಿಯಲೇಬೇಕು.

ಅಗಲದ ವಿಷಯ. 85ರ ತನಕದ ಆಕ್ಸಲ್ ಚಕ್ರ ಕೂರುವ ಮುಖದಿಂದ ಮುಖಕ್ಕೆ ಸುಮಾರು 55.5 ಇಂಚು. ನನ್ನ ಗಾಡಿಯ ಹಿಂದಿನ ಆಕ್ಸಲ್ ಸುಮಾರು 58.5. ಒಂದೊಂದು ಕಡೆ ಒಂದೂವರೆ ಇಂಚು ಕೊರತೆ. ಸ್ಪೇಸರ್ ಹಾಕಿ ಮುಗಿಸುವವರಿದ್ದಾರೆ. ನಾನು ಹಾಗೆ ಮಾಡಲಿಲ್ಲ. ಕತ್ತರಿಸಿ ತೆಗೆದ ಇಂಡಿಪೆಂಡೆಂಟ್ ಸಸ್ಪೆನ್ಷನ್‌ನ ಹಬ್ಬು ಮತ್ತು ಡಿಸ್ಕು ಇದೇ ಆಕ್ಸಲ್‌ಗೆ ಕೂರುತ್ತವೆ, ಬೇಕಾದ ಅಷ್ಟೇ ಅಗಲ ಕೊಡುತ್ತವೆ. ಡಿಸ್ಕ್ ದಪ್ಪ ಇರುವುದರಿಂದ ಅದಕ್ಕೆ ಹೊಂದುವ ದೊಡ್ಡ ಕ್ಯಾಲಿಪರ್ ಬೇಕು. ಬ್ರೇಕ್ ಉತ್ತಮ ಆಗುತ್ತದೆ, 35 ಇಂಚಿನ ಟೈರ್ ನಿಲ್ಲಿಸಲು ಅದೂ ಬೇಕಾಗಿತ್ತು.

ನಕಲ್ ಬಿಚ್ಚಿದಾಗ

ನಕಲ್ ಅಂದರೆ ಸ್ಟಿಯರಿಂಗ್ ತಿರುಗಿಸಿದಾಗ ಚಕ್ರದ ಜೊತೆ ತಿರುಗುವ, ಆಕ್ಸಲ್ ತುದಿಯ ಗಂಟು. ಗುಜರಿಯಿಂದ ತಂದ ಆಕ್ಸಲ್ ನೋಡಲು ಚೆನ್ನಾಗಿತ್ತು. ಒಳಗೆ ಏನಿದೆ ಅನ್ನುವುದು ಬಿಚ್ಚಿದರೆ ತಾನೆ ಗೊತ್ತಾಗುವುದು.

ಹಬ್ ತೆಗೆಯಬೇಕಾದರೆ ಮೊದಲು ಲಾಕಿಂಗ್ ಹಬ್‌ನ ನಟ್ಟು ಬಿಚ್ಚಬೇಕು. ನಟ್ಟು ಬಂದರೂ ಹಬ್ ಬರುವುದಿಲ್ಲ. ಸ್ಟಡ್‌ಗಳ ಸುತ್ತ ಚಿಕ್ಕ ಚಿಕ್ಕ ಶಂಕುವಿನಾಕಾರದ ವಾಷರ್‌ಗಳು ಬಿಗಿಯಾಗಿ ಕಚ್ಚಿಕೊಂಡಿರುತ್ತವೆ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಲು ಹೋದರೆ ಮುಖ ಹಾಳಾಗುತ್ತದೆ. ಹಿತ್ತಾಳೆ ಸರಳನ್ನು ಸ್ಟಡ್ ತುದಿಗೆ ಇಟ್ಟು ಸುತ್ತಿಗೆಯಿಂದ ಒಂದು ಚುರುಕು ಏಟು. ಟಕ್ ಅಂತ ವಾಷರ್ ಹಾರಿ ಬರುತ್ತದೆ. ಒಂದು ಸಲ ಕೈಗೆ ಸಿಕ್ಕರೆ ಆಮೇಲೆ ಸುಲಭ. ಬೇರಿಂಗ್ ನಟ್ಟಿಗೆ 54 ಎಂಎಂ ಸಾಕೆಟ್ ಬೇಕು. ಉಳಿಯಿಂದ ಹೊಡೆದು ತಿರುಗಿಸುವವರನ್ನು ನೋಡಿದ್ದೇನೆ. ದಯವಿಟ್ಟು ಸಾಕೆಟ್ ಕೊಂಡುಕೊಳ್ಳಿ, ಬೇರಿಂಗ್ ಬಿಗಿ ಸರಿಯಾಗಿ ಇಡಲು ಬೇರೆ ದಾರಿ ಇಲ್ಲ.

ನಕಲ್ ಒಳಗೆ ಗಟ್ಟಿ ಕಪ್ಪು ಗ್ರೀಸು ಇರಬೇಕು. ನನಗೆ ಸಿಕ್ಕಿದ್ದು ತೆಳ್ಳನೆಯ ಬೂದು ಬಣ್ಣದ ರಾಡಿ, ಗೇರ್ ಆಯಿಲ್ ವಾಸನೆಯದು. ಹೌಸಿಂಗ್ ತುದಿಯ ಒಳ ಸೀಲು ಹೋಗಿ ಡಿಫ್‌ನ ಎಣ್ಣೆ ಹೊರಗೆ ಬಂದು ಗ್ರೀಸನ್ನು ಕರಗಿಸಿದೆ ಅಂತ ಅರ್ಥ. ಹಳೇ ಟೊಯೊಟಾ ಆಕ್ಸಲ್‌ಗಳಲ್ಲಿ ಇದು ಮಾಮೂಲಿ. ಹೊರಗಿನಿಂದ ನಕಲ್ ಹಿಂಭಾಗ ಒದ್ದೆ ಒದ್ದೆಯಾಗಿ ಕಂಡರೆ ಒಳಗೆ ಇದೇ ಕಥೆ.

ಪೂರ್ತಿ ತೊಳೆದು ಟ್ರನಿಯನ್ ಬೇರಿಂಗು (ನಕಲ್ ತಿರುಗುವುದು ಇದರ ಮೇಲೆ), ಒಳ ಸೀಲು, ಹೊರಗಿನ ಫೆಲ್ಟು, ರಬ್ಬರು ಎಲ್ಲ ಹೊಸದು ಹಾಕಿದೆ. ಈ ಕೆಲಸದಲ್ಲಿ ಒಂದು ಅಳತೆ ಇದೆ, ಅದನ್ನು ಬಿಡಬೇಡಿ. ಸೀಲು ಹಾಕುವ ಮೊದಲು, ಆಕ್ಸಲ್ ಶಾಫ್ಟು ಒಳಗೆ ಇಲ್ಲದಿರುವಾಗ, ನಕಲ್‌ನ ತೋಳಿನ ತುದಿಗೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಿಧಾನ ಎಳೆಯಬೇಕು. ಎಷ್ಟು ಎಳೆತಕ್ಕೆ ನಕಲ್ ಅಲುಗಾಡುತ್ತದೆ ನೋಡಿ, ರಿಪೇರಿ ಪುಸ್ತಕದ ಅಂಕಿಗೆ ಬರುವ ತನಕ ಶಿಮ್ (ತೆಳು ಲೋಹದ ಬಿಲ್ಲೆ) ಸೇರಿಸಿ ಇಲ್ಲ ತೆಗೆಯಿರಿ. ತುಂಬ ಸಡಿಲ ಇದ್ದರೆ ರಸ್ತೆಯಲ್ಲಿ ಒಂದು ಗುಂಡಿ ದಾಟಿದ ಕೂಡಲೇ ಮುಂದಿನ ಚಕ್ರಗಳೆರಡೂ ಗಡಗಡ ನಡುಗಲು ಶುರುವಾಗುತ್ತವೆ. ಸ್ಟಿಯರಿಂಗ್ ಡ್ಯಾಂಪರ್ ಹಾಕಿ ಆ ನಡುಕ ಮುಚ್ಚಬಹುದು, ಆದರೆ ರೋಗ ಹಾಗೇ ಇರುತ್ತದೆ.

ಬರ್ಫೀಲ್ಡ್ ಜಾಯಿಂಟ್ (ನಕಲ್ ಒಳಗಿನ ಸಿವಿ ಜಾಯಿಂಟ್) ಈ ಆಕ್ಸಲ್‌ನ ದುರ್ಬಲ ಜಾಗ. ಮುಂದೆ ಲಾಕರ್ ಹಾಕಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ರಿವರ್ಸ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮುರಿಯುವ ಸಂಭವ ಜಾಸ್ತಿ. 33 ಇಂಚಿನ ಟೈರ್‌ಗೆ, ಕಾಲಿನಲ್ಲಿ ತಾಳ್ಮೆ ಇದ್ದರೆ, ಕಂಪನಿಯದ್ದೇ ಸಾಕು. 35ಕ್ಕೆ ನಾನು ಕ್ರೋಮೊಲಿ ಉಕ್ಕಿನ ಶಾಫ್ಟು ಮತ್ತು ಜಾಯಿಂಟ್ ಹಾಕಿದೆ. ದೊಡ್ಡ ಆಕ್ಸಲ್ ಕೊಳ್ಳದೆ ಉಳಿದ ದುಡ್ಡು ಇಲ್ಲಿಗೆ ಹೋಯಿತು. ಸರಿಯಾದ ಜಾಗಕ್ಕೆ ಹೋಯಿತು ಅಂತಲೇ ನನ್ನ ಭಾವನೆ. ಹೌಸಿಂಗ್‌ನ ಗುಂಡು ತುದಿಗಳ ಬುಡಕ್ಕೆ ಗಸೆಟ್ ಪಟ್ಟಿ ಕೊಟ್ಟು ವೆಲ್ಡ್ ಮಾಡಿದೆ, ಅಲ್ಲೇ ಬಾಗುವುದು. ವೆಲ್ಡಿಂಗ್ ಚೂರು ಚೂರೇ, ಬದಿ ಬದಲಾಯಿಸುತ್ತ, ಆರಲು ಬಿಟ್ಟು ಮಾಡಬೇಕು. ಒಂದೇ ಸಮ ಎಳೆದರೆ ಬಿಸಿಗೆ ಕೊಳವೆ ಸೊಟ್ಟಗಾಗುತ್ತದೆ.

ಚಾಸಿಗೆ ಕೂರಿಸುವುದು

ಹಳೆಯ ಸಸ್ಪೆನ್ಷನ್‌ನ ಬ್ರಾಕೆಟ್‌ಗಳನ್ನು ಕತ್ತರಿಸಿ ತೆಗೆಯುವುದು ಕೊಳಕು ಕೆಲಸ. ಕಟಿಂಗ್ ಮಾಡುವಾಗ ಚಾಸಿಯಿಂದ ಸ್ವಲ್ಪ ದೂರ ಬಿಟ್ಟು ಕತ್ತರಿಸಿ, ಉಳಿದದ್ದನ್ನು ಗ್ರೈಂಡರ್‌ನಲ್ಲಿ ಉಜ್ಜಿ ಸಮ ಮಾಡಿದೆ. ಚಾಸಿಗೆ ಗಾಯ ಆದರೆ ಮುಂದೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಬ್ರೇಕ್ ಪೈಪು, ಇಂಧನದ ಪೈಪು ಎಲ್ಲಿವೆ ಅಂತ ಮೊದಲು ನೋಡಿ, ಕಟ್ಟಿ ಪಕ್ಕಕ್ಕಿಡಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಷ್ಟು ಹತ್ತಿರ ಇರಲಿ.

ಸಸ್ಪೆನ್ಷನ್‌ಗೆ ಲೀಫ್ ಸ್ಪ್ರಿಂಗ್ ಆರಿಸಿದೆ. ಕಾಯಿಲ್ ಸ್ಪ್ರಿಂಗು, ತ್ರೀ ಲಿಂಕ್ (ಮೂರು ಸರಳಿನಿಂದ ಆಕ್ಸಲ್ ಹಿಡಿಯುವ ಜೋಡಣೆ) ಹಾಕಿದರೆ ಆಡುವ ಜಾಗ ಹೆಚ್ಚು, ಸವಾರಿ ಮೆತ್ತಗೆ. ಆದರೆ ಲಿಂಕುಗಳ ಕೋನ, ಪ್ಯಾನ್‌ಹಾರ್ಡ್ ರಾಡು (ಆಕ್ಸಲ್ ಪಕ್ಕಕ್ಕೆ ಸರಿಯದ ಹಾಗೆ ಹಿಡಿಯುವ ಸರಳು) ಮತ್ತು ಡ್ರ್ಯಾಗ್ ಲಿಂಕು (ಸ್ಟಿಯರಿಂಗ್ ಬಾಕ್ಸಿನಿಂದ ನಕಲ್‌ಗೆ ಹೋಗುವ ಸರಳು) ಒಂದಕ್ಕೊಂದು ಸಮಾನಾಂತರ ಇಡುವುದು, ಇದನ್ನೆಲ್ಲ ಸರಿಯಾಗಿ ಲೆಕ್ಕ ಹಾಕಬೇಕು. ಲೀಫ್ ಸ್ಪ್ರಿಂಗ್ ತಾನೇ ಆಕ್ಸಲನ್ನು ಹಿಡಿದಿಡುತ್ತದೆ. ಮುಂದೆ ಗಟ್ಟಿ ಹ್ಯಾಂಗರ್, ಹಿಂದೆ ಶ್ಯಾಕಲ್ (ಆಡುವ ಕೊಂಡಿ), ಸ್ಪ್ರಿಂಗ್ ಆಕ್ಸಲ್‌ನ ಮೇಲೆ. 85ರ ಗಾಡಿಯಲ್ಲಿ ಟೊಯೊಟಾದವರು ಇಟ್ಟದ್ದೂ ಹೀಗೆಯೇ. ಮನೆಯ ಶೆಡ್ಡಿನಲ್ಲಿ ಮಾಡುವವರಿಗೆ ನನ್ನ ಸಲಹೆ ಲೀಫ್ ಸ್ಪ್ರಿಂಗೇ.

ಆಕ್ಸಲನ್ನು ಸುಮಾರು ಒಂದು ಇಂಚು ಮುಂದಕ್ಕೆ ಇಟ್ಟೆ. 35 ಇಂಚಿನ ಟೈರ್ ತಿರುಗುವಾಗ ಹಿಂದಿನ ತಗಡಿಗೆ ತಗಲಬಾರದು ಅಂತ. ಹ್ಯಾಂಗರ್‌ಗಳನ್ನು ಮೊದಲು ಬರೀ ಟ್ಯಾಕ್ ಮಾಡಿ, ಹಿಂದಿನ ಸ್ಪ್ರಿಂಗಿನ ಪಿನ್ನಿನಿಂದ ಮುಂದಿನ ಪಿನ್ನಿಗೆ ಎರಡೂ ಬದಿ ಅಳೆದೆ, ಆಮೇಲೆ ಮೂಲೆಯಿಂದ ಮೂಲೆಗೆ ಅಳೆದೆ. ನಾಲ್ಕೂ ಅಳತೆ ಹೊಂದುವ ತನಕ ಪೂರ್ತಿ ವೆಲ್ಡಿಂಗ್ ಇಲ್ಲ.

ಈಗ ಎಲ್ಲಕ್ಕಿಂತ ಮುಖ್ಯ ಮಾತು. ಆಕ್ಸಲ್ ಮೇಲಿನ ಸ್ಪ್ರಿಂಗ್ ಪೀಠಗಳನ್ನು ಗಾಡಿಯ ಪೂರ್ತಿ ಭಾರ ಸ್ಪ್ರಿಂಗಿನ ಮೇಲೆ ಕೂತ ಮೇಲೆಯೇ ವೆಲ್ಡ್ ಮಾಡಬೇಕು. ಎಂಜಿನ್, ಬಂಪರ್, ವಿಂಚು ಎಲ್ಲ ಇರಬೇಕು. ಭಾರ ಬಿದ್ದಾಗ ಸ್ಪ್ರಿಂಗ್ ಚಪ್ಪಟೆಯಾಗುತ್ತದೆ, ಶ್ಯಾಕಲ್ ತಿರುಗುತ್ತದೆ, ಆಕ್ಸಲ್‌ನ ಕೋನ ಬದಲಾಗುತ್ತದೆ. ಆ ಕೋನವೇ ಕ್ಯಾಸ್ಟರ್. ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರಬೇಕು ಅಂದರೆ ಕ್ಯಾಸ್ಟರ್ ಬೇಕೇ ಬೇಕು. ನಾನು ಮೂರರಿಂದ ನಾಲ್ಕು ಡಿಗ್ರಿ ಇಟ್ಟೆ. ಪಿನಿಯನ್ ಟ್ರಾನ್ಸ್‌ಫರ್ ಕೇಸಿನ ಕಡೆ ಮೇಲೆ ನೋಡಲಿ ಅಂತ ಆಕ್ಸಲನ್ನು ತಿರುಗಿಸಿದರೆ ಕ್ಯಾಸ್ಟರ್ ಹೋಗುತ್ತದೆ. ಎರಡೂ ಬೇಕು ಅಂದರೆ ನಕಲ್ ಗುಂಡುಗಳನ್ನು ಕತ್ತರಿಸಿ ತಿರುಗಿಸಿ ಮತ್ತೆ ವೆಲ್ಡ್ ಮಾಡಬೇಕು. ಮೇಲ್ಗಡೆ ಪಿನಿಯನ್ ಇರುವ ಡಿಫ್ ಹಾಕಿದ್ದರಿಂದ ನನಗೆ ಆ ಕಷ್ಟ ಬರಲಿಲ್ಲ.

ಸ್ಟಿಯರಿಂಗ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಜೀವ ಇರುವುದು ಅದರ ಮೇಲೆ. 85ರ ಗಾಡಿಯ ಸ್ಟಿಯರಿಂಗ್ ಬಾಕ್ಸ್ ತನ್ನ ತೋಳನ್ನು ಹಿಂದೆ ಮುಂದೆ ಆಡಿಸುತ್ತದೆ. ಸ್ಪ್ರಿಂಗ್ ಆಡಿದ ಹಾಗೆಲ್ಲ ಅದು ಚಕ್ರವನ್ನು ಸ್ವಲ್ಪ ತಿರುಗಿಸಿಬಿಡುತ್ತದೆ. 86ರ ನಂತರದ ಗಾಡಿಯ ಬಾಕ್ಸ್ ತೋಳನ್ನು ಎಡಕ್ಕೂ ಬಲಕ್ಕೂ ಆಡಿಸುತ್ತದೆ. ಅಂದರೆ ನನ್ನ ಗಾಡಿಯಲ್ಲಿ ಮೊದಲೇ ಇದ್ದ ಬಾಕ್ಸೇ ಈ ಕೆಲಸಕ್ಕೆ ಹೆಚ್ಚು ಸೂಕ್ತ. ಎರಡೂ ನಕಲ್‌ಗಳ ತಲೆಯ ಮೇಲೆ ಹೈ ಸ್ಟಿಯರ್ ತೋಳು ಹಾಕಿ, ಬಾಕ್ಸಿನಿಂದ ಅಡ್ಡಲಾಗಿ ಬಲಗಡೆ ನಕಲ್‌ಗೆ ಡ್ರ್ಯಾಗ್ ಲಿಂಕ್ ಕೊಟ್ಟೆ. ಲಿಂಕುಗಳೆಲ್ಲ ಸ್ಪ್ರಿಂಗಿನ ಮೇಲೆ ಬಂದವು, ಕಲ್ಲಿನಿಂದ ದೂರ. ಡ್ರ್ಯಾಗ್ ಲಿಂಕ್ ಎಷ್ಟು ಮಟ್ಟಸವಾಗಿ ಮಲಗಿರುತ್ತದೋ ಗುಂಡಿಯಲ್ಲಿ ಸ್ಟಿಯರಿಂಗ್ ಅಷ್ಟು ಸುಮ್ಮನಿರುತ್ತದೆ.

ದೊಡ್ಡ ಟೈರನ್ನು ಕಲ್ಲಿನ ಸಂದಿಯಲ್ಲಿ ತಿರುಗಿಸಿದಾಗ ಆ ಒತ್ತಡವೆಲ್ಲ ಬಾಕ್ಸ್ ಕೂತಿರುವ ಚಾಸಿಯ ಮೇಲೆ ಬೀಳುತ್ತದೆ. ಅಲ್ಲಿ ಚಾಸಿ ಬಿರುಕು ಬಿಡುವುದು ಈ ಗಾಡಿಗಳಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಬಾಕ್ಸ್ ತೆಗೆದು ಒಂದು ದಪ್ಪ ಪ್ಲೇಟ್ ವೆಲ್ಡ್ ಮಾಡಿ, ಬೋಲ್ಟು ಹಾದುಹೋಗುವ ಜಾಗಕ್ಕೆ ಒಳಗಿನಿಂದ ಕೊಳವೆ ಕೊಟ್ಟೆ. ಬೋಲ್ಟು ಬಿಗಿ ಮಾಡಿದಾಗ ಚಾಸಿ ಒಳಕ್ಕೆ ಒತ್ತಿಕೊಳ್ಳಬಾರದಲ್ವಾ?

ಆಮೇಲೆ ಪರೀಕ್ಷೆ. ಸ್ಪ್ರಿಂಗಿನ ಪಟ್ಟಿಗಳನ್ನು ಬಿಚ್ಚಿ ಮುಖ್ಯ ಪಟ್ಟಿ ಒಂದನ್ನೇ ಬಿಟ್ಟು, ಜಾಕಿನಿಂದ ಆಕ್ಸಲನ್ನು ಪೂರ್ತಿ ಮೇಲಕ್ಕೆ ಎತ್ತಿ, ಎಡಕ್ಕೆ ಬಲಕ್ಕೆ ಸ್ಟಿಯರಿಂಗ್ ತಿರುಗಿಸಿ ನೋಡಿದೆ. ಡ್ರ್ಯಾಗ್ ಲಿಂಕು ಸ್ಪ್ರಿಂಗಿಗೆ ತಗಲುತ್ತದಾ? ಡಿಫ್ ಎಂಜಿನ್ನಿನ ಆಯಿಲ್ ಪ್ಯಾನಿಗೆ ಮುಟ್ಟುತ್ತದಾ? ಬಂಪ್ ಸ್ಟಾಪ್ (ಆಕ್ಸಲ್ ತೀರಾ ಮೇಲೆ ಬರದ ಹಾಗೆ ತಡೆಯುವ ತುಂಡು) ಎಷ್ಟು ಉದ್ದ ಬೇಕು ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ಅದೇ ಥರ ಪೂರ್ತಿ ಕೆಳಗೆ ಇಳಿಬಿಟ್ಟು ಬ್ರೇಕ್ ಹೋಸ್ ಎಳೆಯುತ್ತದಾ, ಪ್ರೊಪೆಲ್ಲರ್ ಶಾಫ್ಟಿನ ಜಾರುವ ತುದಿ ಹೊರಗೆ ಬರುತ್ತದಾ ನೋಡಿದೆ. ಕಂಪನಿ ಶಾಫ್ಟ್ ಸಾಕಾಗಲಿಲ್ಲ, ಉದ್ದ ಸ್ಲಿಪ್ ಇರುವುದನ್ನು ಮಾಡಿಸಬೇಕಾಯಿತು.

ಎಂಜಿನ್ ಮುಟ್ಟಿಲ್ಲವಾದ್ದರಿಂದ ಇಲ್ಲಿನ ಎರಡು ವರ್ಷಕ್ಕೊಮ್ಮೆಯ ಹೊಗೆ ತಪಾಸಣೆಗೆ ಇದರಿಂದ ಏನೂ ಅಡ್ಡಿ ಇಲ್ಲ.

ಊರಿನ ಗೆಳೆಯರಿಗೆ

ಥಾರ್ ಇಟ್ಟುಕೊಂಡ ಗೆಳೆಯರು ಊರಿನಿಂದ ಇದನ್ನೇ ಕೇಳುತ್ತಿರುತ್ತಾರೆ. 2010ರಲ್ಲಿ ಬಂದ ಥಾರ್ ಸಿಆರ್‌ಡಿಇಯಲ್ಲೂ ಮುಂದೆ ಟಾರ್ಷನ್ ಬಾರ್ ಇಂಡಿಪೆಂಡೆಂಟ್, ಹಿಂದೆ ಲೀಫ್ ಸ್ಪ್ರಿಂಗ್. ನನ್ನ ಪಿಕಪ್‌ದೂ ಅದೇ ಜೋಡಿ. ಅದರಲ್ಲಿ ಮುಂದಿನ ಚಕ್ರಗಳ ನಡುವಿನ ಅಂತರ ಹಿಂದಿನದಕ್ಕಿಂತ ಜಾಸ್ತಿ, ಹಾಗಾಗಿ ಅಗಲದ ಲೆಕ್ಕ ಅಲ್ಲಿ ಇನ್ನೂ ಮುಖ್ಯ. ಕೇಳಬೇಕಾದ ಪ್ರಶ್ನೆಗಳ ಸಾಲು ಇದೇ: ಡಿಫ್ ಯಾವ ಕಡೆ, ಟೈರ್ ಎಷ್ಟು, ಅಗಲ ಎಷ್ಟು, ರೇಷಿಯೊ ಏನು. ಆದರೆ ಭಾರತದಲ್ಲಿ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವುದಕ್ಕೆ ಅದು ತಡೆ ಹಾಕುತ್ತದೆ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಎತ್ತಿ ಹೇಳಿದೆ. ಆರ್‌ಟಿಒದಲ್ಲಿ ವಿಚಾರಿಸದೆ ಗ್ರೈಂಡರ್ ಎತ್ತಬೇಡಿ. ಸಾಲಿಡ್ ಆಕ್ಸಲ್ಲೇ ಬೇಕು ಅಂದರೆ ಹಳೇ ಎಂಎಂ 540 ಜೀಪಿದೆ, ಮಾರುತಿ ಜಿಪ್ಸಿ ಇದೆ, ಈಗ ಜಿಮ್ನಿ ಇದೆ. ಮೂರಕ್ಕೂ ಸಾಲಿಡ್ ಆಕ್ಸಲ್ ಹುಟ್ಟಾ ಬಂದಿದೆ. ಮೊದಲ ಎರಡು ಲೀಫ್ ಸ್ಪ್ರಿಂಗಿನವು, ಜಿಮ್ನಿಗೆ ಕಾಯಿಲ್ ಸ್ಪ್ರಿಂಗ್. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಆ ಹಳೇ ಜೀಪುಗಳು ಮಳೆಗಾಲದ ಕೆಸರಿನಲ್ಲಿ ಮೂಟೆ ಹೊರುವುದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಓಡಿಸಿದ ಮೇಲೆ

ರಸ್ತೆಯಲ್ಲಿ ಮೊದಲಿಗಿಂತ ಕುಲುಕುತ್ತದೆ, ಅದು ನಿಜ. ಟೋ-ಇನ್ (ಚಕ್ರಗಳ ಮುಂಬದಿ ಸ್ವಲ್ಪ ಒಳಕ್ಕೆ ತಿರುಗಿರುವುದು) ಸುಮಾರು 3 ಮಿಲಿಮೀಟರ್ ಇಟ್ಟಿದ್ದೇನೆ, ಹೈವೇ ವೇಗದಲ್ಲಿ ನೇರ ಹೋಗುತ್ತದೆ. ಕೈ ಸಡಿಲ ಬಿಟ್ಟರೆ ಸ್ಟಿಯರಿಂಗ್ ತಾನೇ ನೇರಕ್ಕೆ ಬರುತ್ತದೆ.

ಕಲ್ಲಿನ ಮೇಲೆ ಹೋದಾಗ ಮಾತ್ರ ಬೇರೆಯದೇ ಗಾಡಿ. ಸೊಂಟದೆತ್ತರದ ಬಂಡೆಯ ಪಕ್ಕ ಬಲ ಚಕ್ರ ಏರಿತು, ಎಡ ಚಕ್ರ ಸಂದಿಯೊಳಗೆ ಇಳಿಯಿತು, ಎರಡೂ ಹಿಡಿತದಲ್ಲೇ ಇದ್ದವು. ಮೊದಲಾದರೆ ಒಂದು ಚಕ್ರ ಗಾಳಿಯಲ್ಲಿ ಸುಮ್ನೆ ಸುತ್ತುತ್ತಿತ್ತು. ಆಕ್ಸಿಲರೇಟರ್ ಮುಟ್ಟದೆ ಬರೀ ಐಡಲ್‌ನಲ್ಲಿ ಗಾಡಿ ಹತ್ತಿತು.

ಮೊದಲ ಸಲ ಓಡಿಸಿ ಬಂದ ಕೂಡಲೇ ಯು ಬೋಲ್ಟುಗಳನ್ನೂ, ಹೈ ಸ್ಟಿಯರ್ ತೋಳಿನ ಸ್ಟಡ್‌ಗಳನ್ನೂ ಟಾರ್ಕ್ ಸ್ಪ್ಯಾನರ್‌ನಲ್ಲಿ (ಎಷ್ಟು ಬಿಗಿ ಅಂತ ತೋರಿಸುವ ಪಾನಾ) ಮತ್ತೆ ಬಿಗಿ ಮಾಡಿದೆ. ಆ ಸ್ಟಡ್‌ಗಳು ಸಡಿಲವಾದರೆ ಮುರಿಯುತ್ತವೆ, ಮುರಿದರೆ ಸ್ಟಿಯರಿಂಗ್ ಇರುವುದಿಲ್ಲ. ಪ್ರತಿ ಟ್ರೇಲ್‌ಗೆ ಮೊದಲು ಅವುಗಳ ಮೇಲೆ ಬಿಳಿ ಬಣ್ಣದ ಗುರುತು ಸರಿದಿದೆಯಾ ಅಂತ ನೋಡುತ್ತೇನೆ. ಸ್ಪೀಡೋಮೀಟರ್ ಹೊಸ ಟೈರ್ ಮತ್ತು ಗೇರಿಗೆ ಹತ್ತಿರವೇ ಇದೆ, ಪೂರ್ತಿ ಸರಿ ಮಾಡಲು ಅದರ ಚಿಕ್ಕ ಪ್ಲಾಸ್ಟಿಕ್ ಗೇರು ಬದಲಾಯಿಸಬೇಕು. ಡಿಫ್‌ನ ಉಸಿರಾಟದ ಪೈಪನ್ನು ಬಾನೆಟ್ ಒಳಗೆ ಮೇಲಕ್ಕೆ ತರುವುದು ಬಾಕಿ ಇದೆ. ಹೊಳೆ ದಾಟುವ ದಾರಿಗೆ ಹೋಗುವ ಮೊದಲು ಅದು ಮುಗಿಯಬೇಕು, ಇಲ್ಲದಿದ್ದರೆ ಬಿಸಿ ಡಿಫ್ ತಣ್ಣೀರಿಗೆ ಇಳಿದಾಗ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.